ಪಾಕೆಟ್ಟಿನ ಬಾಯಲ್ಲಿ ಎರಡು ಚೆಂಡು

ಇದು ಎಂಟು ವರ್ಷಗಳ ಹಿಂದಿನ ಮಾತು. ಆಗ ಚೆನ್ನೈನ ಪುರಸೈವಾಕ್ಕಂನಲ್ಲಿ, ಪಾತ್ರೆ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ನನ್ನದೊಂದು ಪೂಲ್ ಪಾರ್ಲರ್ ನಡೆಯುತ್ತಿತ್ತು. ನಾಲ್ಕು ಟೇಬಲ್, ಆರು ಫ್ಯಾನ್, ಚೆಂಡು ಹರಡಿ ಅಂಕ ಬರೆಯಲು ಒಬ್ಬ ಮಾರ್ಕರ್. ನನಗಾಗ ಐವತ್ತೆಂಟು ವರ್ಷ. ಪಾರ್ಲರ್ ಅರ್ಧ ಕೆಲಸವಾದರೆ ಉಳಿದರ್ಧ ಟೇಬಲ್ ಫಿಟ್ಟಿಂಗ್. ಕ್ಲಬ್ಬು, ಹೋಟೆಲು, ದೊಡ್ಡವರ ಮನೆಗಳಿಗೆ ಹೋಗಿ ಪೂಲ್ ಟೇಬಲ್ ಕೂರಿಸುವುದು, ಸವೆದ ಬಟ್ಟೆ ಕಿತ್ತು ಹೊಸದನ್ನು ಎಳೆಯುವುದು, ಅಂಚಿನ ಸತ್ತುಹೋದ ಕುಶನ್ ರಬ್ಬರ್ ಬದಲಿಸುವುದು. ಆಟ ಗೊತ್ತಿಲ್ಲದವರಿಗೆ ಒಂದು ವಿವರ: ಮೇಲೆ ಹಸಿರು ಬಟ್ಟೆ ಕಾಣುತ್ತದಲ್ಲ, ಅದರ ಕೆಳಗೆ ಒಂದು ಇಂಚು ದಪ್ಪದ ಕಲ್ಲಿನ ಹಾಸು ಇರುತ್ತದೆ. ಅದನ್ನು ಕೂದಲೆಳೆಯಷ್ಟೂ ವಾಲದಂತೆ ಕೂರಿಸುವವನು ಫಿಟ್ಟರ್. ಆಟ ಚೆನ್ನಾದರೆ ಆಟಗಾರನ ಹೆಸರು ಹೇಳುತ್ತಾರೆ, ಕೆಟ್ಟರೆ ಫಿಟ್ಟರನ ಹೆಸರು ಹೇಳುತ್ತಾರೆ.

ನಾನು ಚನ್ನಪಟ್ಟಣದವನು. ಲೇತಿನಲ್ಲಿ ಮರ ಕಡೆಯಲು ಬಲ್ಲೆ ಎಂಬ ಒಂದೇ ಬಂಡವಾಳ ಹಿಡಿದು ಹತ್ತೊಂಬತ್ತನೇ ವಯಸ್ಸಿಗೆ ಮದ್ರಾಸಿಗೆ ಬಂದೆ. ಬಿಲಿಯರ್ಡ್ಸ್ ಟೇಬಲ್ ಮಾಡುವ ವರ್ಕ್‌ಶಾಪಿನಲ್ಲಿ ಕ್ಯೂ, ಅಂದರೆ ಚೆಂಡು ಹೊಡೆಯುವ ಕೋಲು, ಕಡೆಯಲು ಸೇರಿದೆ. ತಮಿಳು ಕಲಿತದ್ದು ಅಲ್ಲಿ, ಚೌಕಾಸಿ ಕಲಿತದ್ದೂ ಅಲ್ಲಿ. ಚೌಕಾಸಿಯ ಗುಟ್ಟು ಬಹಳ ಚಿಕ್ಕದು. ಎದುರಿನವನಿಗೆ ತಾನು ಗೆದ್ದೆ ಅನ್ನಿಸಬೇಕು. ಎಷ್ಟಕ್ಕೆ ಕೊಡುವುದೆಂದು ನಮಗೆ ಮೊದಲೇ ಗೊತ್ತಿರುತ್ತದೆ. ಅದಕ್ಕಿಂತ ಮೇಲೆ ಹೇಳಿ, ಹೊಟ್ಟೆ ಉರಿದವರಂತೆ ಮುಖ ಮಾಡಿ ಕೆಳಗಿಳಿಯುತ್ತೇವೆ. ಗಿರಾಕಿ ನಗುತ್ತ ಹೋಗುತ್ತಾನೆ. ಈ ವಿದ್ಯೆಯಿಂದಲೇ ಪಾರ್ಲರ್ ಕಟ್ಟಿದೆ, ಮಗಳನ್ನು ಓದಿಸಿದೆ. ಅದು ನನ್ನನ್ನು ಒಮ್ಮೆ ಮಾತ್ರ ಕೈಬಿಟ್ಟಿತು. ಆ ಒಂದು ಸಲದ ಸಂಗತಿ ಇದು.

ಶೇಷಗಿರಿ, ನಮಗೆಲ್ಲ ಶೇಷು, ನನ್ನ ಹಳೆಯ ಗಿರಾಕಿ. ಇನ್ಶೂರೆನ್ಸ್ ಆಫೀಸಿನ ಕ್ಲೇಮ್ಸ್ ವಿಭಾಗದಲ್ಲಿ ಕೆಲಸ, ಆಗ ನಲವತ್ತನಾಲ್ಕು ವರ್ಷ. ಅವನ ತಾತ ಮೈಸೂರಿನಿಂದ ರೈಲ್ವೆ ಕೆಲಸಕ್ಕೆ ಬಂದು ಅಯನಾವರಂನಲ್ಲಿ ನೆಲೆಸಿದವರು. ಮೂರನೇ ತಲೆಮಾರಿಗೆ ಬರುವಾಗ ಮನೆಯ ಕನ್ನಡಕ್ಕೆ ತಮಿಳಿನ ಒಗ್ಗರಣೆ ಜಾಸ್ತಿಯೇ ಬಿದ್ದಿತ್ತು. ಸಂಜೆ ಆರೂವರೆಗೆ ಟಿಫಿನ್ ಚೀಲವನ್ನು ನಮ್ಮ ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿ, ತೋಳು ಮಡಿಚಿ, "ಅಣ್ಣ, ಮೂರು ಖಾಲಿಯಾ?" ಎಂದು ಕೇಳುತ್ತಿದ್ದ. ಹನ್ನೆರಡು ವರ್ಷ ಅದೇ ಮೊಳೆ, ಅದೇ ಪ್ರಶ್ನೆ. ಉಳಿದ ಟೇಬಲ್ ಖಾಲಿ ಇದ್ದರೂ ಮುಟ್ಟುತ್ತಿರಲಿಲ್ಲ, ಮೂರನೆಯದಕ್ಕಾಗಿ ಕಾಯುತ್ತ ಕೂರುತ್ತಿದ್ದ. ಚಾಕಿನ ನೀಲಿ ಪುಡಿ, ಕೆಳಗಿನಿಂದ ಏರಿ ಬರುವ ಹೊಸ ಸ್ಟೀಲಿನ ವಾಸನೆ, ಎದುರಿನ ಟೀ ಅಂಗಡಿಯ ಶುಂಠಿ ಚಹಾ, ಇವುಗಳ ನಡುವೆ ಅವನು ಟೇಬಲ್ ಸುತ್ತ ನಡೆಯುತ್ತಿದ್ದ ರೀತಿ ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಮೂರನೆಯದರಲ್ಲಿ ಏನು ವಿಶೇಷ? ಮಿಕ್ಕ ಟೇಬಲ್ಲುಗಳಲ್ಲಿ ಚೆಂಡು ಬೀಳುವ ಮೂಲೆ ಪಾಕೆಟ್ಟಿನ ಬಾಯಿ ಐದು ಇಂಚು. ಇದರಲ್ಲಿ ನಾಲ್ಕೂವರೆ. ಪಾಕೆಟ್ಟಿನ ಎರಡು ತುಟಿಗಳಿಗೂ ಕಾಲಿಂಚು ದಪ್ಪದ ಗಟ್ಟಿ ರಬ್ಬರ್ ಪಟ್ಟಿ ಸೇರಿಸಿ ಬಾಯಿಯನ್ನು ಕಿರಿದು ಮಾಡಿದ್ದೆ. ಈ ಪಟ್ಟಿಗೆ ಷಿಮ್ ಎನ್ನುತ್ತಾರೆ. ಪೂಲ್ ಚೆಂಡಿನ ಅಗಲ ಎರಡೂಕಾಲು ಇಂಚು. ಹಾಗಾಗಿ ಮೂರನೇ ಟೇಬಲ್ಲಿನ ಪಾಕೆಟ್ ಬಾಯಲ್ಲಿ ಎರಡು ಚೆಂಡು ಅಕ್ಕಪಕ್ಕ ಇಟ್ಟರೆ ಅಳತೆ ತೆಗೆದು ಮಾಡಿದಂತೆ ಕೂರುತ್ತಿದ್ದವು, ನಡುವೆ ಕಾಗದ ತೂರಿಸಲೂ ಜಾಗವಿಲ್ಲ. ಸುಮಾರಾಗಿ ಹೊಡೆದ ಚೆಂಡು ತುಟಿಗೆ ಬಡಿದು ಗಲಗಲ ಅಲ್ಲಾಡಿ ಹೊರಗೇ ನಿಲ್ಲುತ್ತಿತ್ತು. ಶೇಷುವಿಗೆ ಅದೇ ಇಷ್ಟ.

ಒಂದು ಸಂಜೆ ಮಳೆ ನಿಂತ ಮೇಲೆ ಸ್ಕೂಟರಿನಲ್ಲಿ ಮನೆಗೆ ಹೋಗುವಾಗ ಅಡ್ಡ ಬಂದ ನಾಯಿಯನ್ನು ತಪ್ಪಿಸಲು ಹೋಗಿ ಜಾರಿಬಿದ್ದ. ತಲೆಯ ಮೇಲೆ ಹೆಲ್ಮೆಟ್ ಇತ್ತು, ಪಟ್ಟಿ ಹಾಕಿರಲಿಲ್ಲ. ಹೆಲ್ಮೆಟ್ ಒಂದು ಕಡೆ ಹೋಯಿತು, ತಲೆ ಇನ್ನೊಂದು ಕಡೆ ಬಡಿಯಿತು. ಇದನ್ನು ಓದುವವರಲ್ಲಿ ಸ್ಕೂಟರ್ ಇರುವವರು ದಯವಿಟ್ಟು ಪಟ್ಟಿ ಬಿಗಿದುಕೊಳ್ಳಿ. ಕೊಂಡ ವಸ್ತುವನ್ನು ಪೂರ್ತಿ ಬಳಸದಿದ್ದರೆ ಕೊಂಡದ್ದೇಕೆ? ತಲೆಯೊಳಗೆ ರಕ್ತ ಹೆಪ್ಪುಗಟ್ಟಿ ಆಪರೇಷನ್ ಆಯಿತು. ಒಂಬತ್ತು ದಿನ ಪ್ರಜ್ಞೆ ಇರಲಿಲ್ಲ. ನಾನು ಆಸ್ಪತ್ರೆಗೆ ಎರಡು ಸಲ ಹೋಗಿ ಗಾಜಿನಾಚೆಯಿಂದ ನೋಡಿ ಬಂದೆ. ಆ ಮೊಳೆಗೆ ಬೇರೆ ಯಾರೂ ಚೀಲ ಹಾಕದಂತೆ ನಮ್ಮ ಮಾರ್ಕರ್ ಕಣ್ಣಿಯಪ್ಪನ್ ಅದಕ್ಕೊಂದು ಚಾಕ್ ಒರೆಸುವ ಬಟ್ಟೆ ಸಿಕ್ಕಿಸಿಟ್ಟ. ಅವನಿಗೂ ನನ್ನಷ್ಟೇ ವಯಸ್ಸು, ನನಗಿಂತ ಒಳ್ಳೆಯ ಬುದ್ಧಿ.

ಏಳು ತಿಂಗಳ ನಂತರ ಒಂದು ಭಾನುವಾರ ಮಧ್ಯಾಹ್ನ ಶೇಷು ಮೆಟ್ಟಿಲು ಹತ್ತಿ ಬಂದ. ಜೊತೆಗೆ ಹೆಂಡತಿ ವಸಂತಿ. ಕಿವಿಯ ಮೇಲೆ ಕೂದಲು ಬೆಳೆಯದ ಒಂದು ಗೆರೆ ಬಿಟ್ಟರೆ ಆಳು ಮೊದಲಿನಂತೆಯೇ ಇದ್ದ. ನನಗೆ ಎಷ್ಟು ಖುಷಿಯಾಯಿತೆಂದರೆ ಮೂರನೇ ಟೇಬಲ್ಲಿನಲ್ಲಿ ಆಡುತ್ತಿದ್ದವರನ್ನು ಬದಿಗೆ ಸರಿಸಿ, "ಬಾ, ಒಂದು ಕೈ ನೋಡು" ಎಂದೆ. ಅವನು ಬಗ್ಗಿ ಗುರಿ ಹಿಡಿದ. ಹಿಡಿದವನು ಹಿಡಿದೇ ಇದ್ದ. ಆಮೇಲೆ ಕ್ಯೂ ಕೆಳಗಿಟ್ಟು ಎರಡೂ ಕಿವಿ ಮುಚ್ಚಿಕೊಂಡ.

"ಆಗ್ತಿಲ್ಲ ಅಣ್ಣ. ಯಾವ ಚೆಂಡು ಹೊಡೀಬೇಕು ಅಂದ್ಕೊಂಡೆ ಅನ್ನೋದೇ ಹೋಯ್ತು."

ವಸಂತಿ ಅವನನ್ನು ಕುರ್ಚಿಯಲ್ಲಿ ಕೂರಿಸಿ ನನ್ನನ್ನು ಮೆಟ್ಟಿಲ ಬಳಿ ಕರೆದಳು. ಬ್ಯಾಂಕಿನಲ್ಲಿ ಕೆಲಸ ಮಾಡುವ ಹೆಣ್ಣುಮಗಳು, ಅಳುವುದಕ್ಕೆ ಸಮಯ ಹಾಳುಮಾಡುವವಳಲ್ಲ. "ನಾಗರಾಜಣ್ಣ, ಕೈಕಾಲು ಎಲ್ಲಾ ಸರಿಯಾಗಿದೆ. ನೆನಪೂ ಇದೆ. ಒಂದರ ಮೇಲೆ ಗಮನ ನಿಲ್ಲಲ್ಲ ಅಷ್ಟೇ. ನಿಮ್ಮ ಮಾತು, ಫ್ಯಾನು, ಕೆಳಗಡೆ ಪಾತ್ರೆ, ಎಲ್ಲಾ ಒಂದೇ ವಾಲ್ಯೂಮಲ್ಲಿ ಒಳಗೆ ಬರುತ್ತೆ ಅಂತ ಥೆರಪಿಸ್ಟ್ ಹೇಳ್ತಾರೆ. ನಮಗೆಲ್ಲ ಬೇಡದ್ದನ್ನ ತಡೆಯೋಕೆ ಒಳಗೊಂದು ಬಾಗಿಲಿದೆಯಂತೆ. ಇವರದ್ದು ತೆರ್ಕೊಂಡೇ ಇದೆ. ಬೇಗ ಸುಸ್ತಾಗ್ತಾರೆ. ಪೂಲ್ ಆಡಬಹುದಾ ಅಂತ ಕೇಳ್ದೆ. ಇಪ್ಪತ್ತು ನಿಮಿಷ, ಆಮೇಲೆ ರೆಸ್ಟು, ತಲೆ ನೋವು ಬಂದ್ರೆ ನಿಲ್ಲಿಸಿ ಅಂದ್ರು."

ಇನ್ನೊಂದು ಸಂಗತಿಯನ್ನು ಅವಳು ತಗ್ಗಿದ ದನಿಯಲ್ಲಿ ಹೇಳಿದಳು. ಶೇಷುವಿನ ರಜೆ ಇನ್ನು ಹತ್ತು ವಾರದಲ್ಲಿ ಮುಗಿಯುತ್ತದೆ. ಅವನು ಸ್ವಯಂ ನಿವೃತ್ತಿಯ ಫಾರಂ ತರಿಸಿಕೊಂಡಿದ್ದಾನೆ. ಸಹಿಯೊಂದೇ ಬಾಕಿ.

ಅವನ ಪಕ್ಕ ಹೋಗಿ ಕೂತೆ. ಡಾಕ್ಟರು ಕೆಲಸಕ್ಕೆ ಹೋಗಬೇಡ ಅಂದರಾ ಎಂದು ಕೇಳಿದೆ. ಇಲ್ಲ, ಮೊದಲು ಅರ್ಧ ದಿನ ಹೋಗಿ ನೋಡಿ ಅಂದಿದ್ದಾರೆ, ಆಫೀಸಿನವರೂ ಒಪ್ಪಿದ್ದಾರೆ ಎಂದ. ಹಾಗಾದರೆ ಫಾರಂ ಯಾಕೆ?

"ನನ್ನ ಟೇಬಲ್ಲಿಗೆ ಬರೋದು ಸತ್ತವರ ಪೇಪರು ಅಣ್ಣ. ಯಾರೋ ಒಬ್ಬಮ್ಮ ಗಂಡನ್ನ ಕಳ್ಕೊಂಡು ಎದುರಿಗೆ ನಿಂತಿರ್ತಾಳೆ. ನಾನು ಒಂದು ಸಾಲು ಬಿಟ್ಟು ಓದಿದ್ರೆ ಅವಳು ಆರು ತಿಂಗಳು ಅಲೀಬೇಕು. ಒಂದು ಚೆಂಡನ್ನ ತಲೆಯಲ್ಲಿ ಇಟ್ಕೊಳಕ್ಕೆ ಆಗದವನು ಆ ಕೆಲಸ ಮಾಡ್ಬಾರ್ದು."

ನಾನು ಚೌಕಾಸಿಗಿಳಿದೆ. "ಹಾಗಾದರೆ ಟೇಬಲ್ಲೇ ತೀರ್ಮಾನಿಸಲಿ. ಒಂದು ಆಟವನ್ನು ಪೂರ್ತಿ ಮುಗಿಸಿದರೆ ಕೆಲಸಕ್ಕೆ ಹೋಗ್ತೀಯಾ?" ಎಂದೆ. ಷರತ್ತು ಅವನೇ ಹಾಕಿದ. ಒಂದರಿಂದ ಒಂಬತ್ತು ನಂಬರಿನ ಚೆಂಡುಗಳನ್ನು ಹರಡಬೇಕು. ವರಸೆಯಾಗಿ, ಒಂದಾದ ಮೇಲೆ ಎರಡು, ಎರಡಾದ ಮೇಲೆ ಮೂರು, ಒಬ್ಬನೇ ಹಾಕಿ ಮುಗಿಸಬೇಕು. ವರಸೆ ತಪ್ಪಿಸಿ ಹೊಡೆದರೆ ಅಲ್ಲಿಗೆ ಮುಗಿಯಿತು. ಚೆಂಡು ಪಾಕೆಟ್ಟಿಗೆ ಬೀಳದೆ ಹೋಗುವುದಕ್ಕೆ ಮಿಸ್ ಎನ್ನುತ್ತೇವೆ. ಅದು ಒಂದೇ ಒಂದು ಇರಬಹುದು.

"ಐದು" ಎಂದೆ.

"ಒಂದು."

"ಏಟು ಬೀಳೋಕೆ ಮುಂಚೆನೂ ನೀನು ಒಂದರಲ್ಲಿ ಮುಗಿಸಿದ್ದು ನಾನು ನೋಡಿಲ್ಲ. ನಾಲ್ಕು."

"ಪೋದುಂ ಅಣ್ಣ, ಸಾಕು, ತಲೆನೋವು ಬರ್ತಿದೆ. ಮೂರು."

ಮೂರಕ್ಕೆ ನಿಂತಿತು. ಕಣ್ಣಿಯಪ್ಪನ್ ಅಂಕ ಬರೆಯುವ ಕಪ್ಪು ಹಲಗೆಯ ಮೂಲೆಯಲ್ಲಿ 3 ಎಂದು ಬರೆದು ಸುತ್ತ ಒಂದು ಗೆರೆ ಹಾಕಿದ. ವಸಂತಿ ಮೊದಲ ಸಲ ನಕ್ಕಳು.

ಮಾರನೇ ದಿನದಿಂದ ಬೆಳಿಗ್ಗೆ ಏಳು ಗಂಟೆಗೆ ಪಾರ್ಲರ್ ತೆಗೆಯತೊಡಗಿದೆ. ಕೆಳಗಿನ ಪಾತ್ರೆ ಅಂಗಡಿ ತೆಗೆಯುವುದು ಹತ್ತಕ್ಕೆ. ಟೇಬಲ್ ಕೂರಿಸುವಾಗ ಚೆಂಡು ಒಂದು ಕಡೆಗೆ ಎಳೆಯುತ್ತಿದ್ದರೆ ನಾವು ಇಡೀ ಟೇಬಲ್ಲನ್ನು ಬೈಯುವುದಿಲ್ಲ. ಒಂದೊಂದು ಕಾಲನ್ನೇ ಪರೀಕ್ಷಿಸುತ್ತ ಬರುತ್ತೇವೆ. ಇಲ್ಲಿಯೂ ಹಾಗೆಯೇ ಮಾಡಿದೆ. ಮೊದಲ ದಿನ ಐದು ಫ್ಯಾನ್ ನಿಲ್ಲಿಸಿದೆ. ಮಿಣುಕುತ್ತಿದ್ದ ಟ್ಯೂಬ್‌ಲೈಟ್ ತೆಗೆಸಿದೆ. ಗೋಡೆಯ ಕ್ಯಾಲೆಂಡರುಗಳನ್ನು ಇಳಿಸಿದೆ. ನನ್ನ ಮೊಬೈಲು ಕೆಳಗಿನ ವಾಚ್‌ಮನ್ ಬಳಿ. ಎಲ್ಲಕ್ಕಿಂತ ಕಷ್ಟದ್ದು ನನ್ನ ಬಾಯಿ ನಿಲ್ಲಿಸುವುದು. "ಮೊಣಕೈ ಒಳಗೆ" ಎಂದು ನಾನು ಒಂದು ಮಾತು ಆಡಿದರೆ ಅವನ ಇಡೀ ಹೊಡೆತ ಕರಗಿಹೋಗುತ್ತಿತ್ತು. ಸಲಹೆ ಕೊಡದೆ ಇಪ್ಪತ್ತು ನಿಮಿಷ ಕೂರುವುದು ಎಂಥ ಶಿಕ್ಷೆಯೆಂದು ನನಗೆ ಗೊತ್ತಾದದ್ದು ಆಗ.

ಒಂಬತ್ತು ಚೆಂಡಿನ ಮಾತು ಆಮೇಲೆ, ಮೊದಲು ಮೂರೇ ಎಂದೆವು. ಥೆರಪಿಸ್ಟ್ ಒಂದು ಕ್ರಮ ಬರೆದುಕೊಟ್ಟಿದ್ದರು, ಅದನ್ನು ಅವನು ಆಟಕ್ಕೆ ಹೊಂದಿಸಿಕೊಂಡ. ಕ್ಯೂ ತುದಿಗೆ ಚಾಕ್ ಹಚ್ಚುವುದು. ಯಾವ ಚೆಂಡು, ಯಾವ ಪಾಕೆಟ್ ಎಂದು ಬಾಯಿಬಿಟ್ಟು ಹೇಳುವುದು. ಒಂದು ಉಸಿರು. ಆಮೇಲೆ ಬಗ್ಗುವುದು. ನಡುವೆ ಏನಾದರೂ ತಪ್ಪಿದರೆ ಎದ್ದು ನಿಂತು ಮತ್ತೆ ಚಾಕಿನಿಂದ ಶುರು. "ಎರಡು, ಎಡಗಡೆ ಮೂಲೆ" ಎಂದು ಖಾಲಿ ಹಾಲಿನಲ್ಲಿ ಅವನ ದನಿ ಕೇಳುತ್ತಿತ್ತು. ಕಣ್ಣಿಯಪ್ಪನ್ ಕಾಫಿ ತಂದರೂ ಬಾಗಿಲಲ್ಲೇ ಚಪ್ಪಲಿ ಬಿಟ್ಟು ಬೆಕ್ಕಿನಂತೆ ಬರುತ್ತಿದ್ದ. ಎರಡನೇ ವಾರ ಮೂರು ಚೆಂಡು ಮುಗಿಸಿದ. ನಾಲ್ಕನೇ ವಾರ ಐದು. ಒಂದೊಂದು ಫ್ಯಾನನ್ನು ವಾರಕ್ಕೊಂದರಂತೆ ಮತ್ತೆ ಹಾಕುತ್ತ ಬಂದೆ.

ಆ ಬೆಳಿಗ್ಗೆಗಳು ಚೆನ್ನಾಗಿದ್ದವು. ಇಪ್ಪತ್ತು ನಿಮಿಷ ಆಟ, ಹದಿನೈದು ನಿಮಿಷ ಕಣ್ಣು ಮುಚ್ಚಿ ಬೆಂಚಿನ ಮೇಲೆ ಮಲಗುವುದು, ಮತ್ತೆ ಇಪ್ಪತ್ತು. ಅವನು ಮಲಗಿದಾಗ ನಾನು ಕ್ಯೂಗಳನ್ನು ಟೇಬಲ್ಲಿನ ಮೇಲೆ ಉರುಳಿಸಿ ಬಾಗಿದ್ದನ್ನು ಬೇರೆ ಮಾಡುತ್ತಿದ್ದೆ. ನೀವು ಕ್ಯೂ ಕೊಳ್ಳುವಾಗಲೂ ಹೀಗೆ ಉರುಳಿಸಿಯೇ ಕೊಳ್ಳಿ, ಅಂಗಡಿಯವನ ಮುಖ ನೋಡಬೇಡಿ.

ಆರನೇ ವಾರ ಗಾಡಿ ನಿಂತಿತು. ಏಳು ಚೆಂಡಿಗೆ ಬಂದರೆ ಮಿಸ್ಸು ಐದಾಗುತ್ತಿತ್ತು, ಆರಾಗುತ್ತಿತ್ತು. ಪ್ರತಿ ಮಿಸ್ಸಿಗೂ ಅವನು ಇನ್ನಷ್ಟು ದಣಿಯುತ್ತಿದ್ದ, ದಣಿದಷ್ಟೂ ವರಸೆ ತಪ್ಪುತ್ತಿತ್ತು. ಒಂದು ದಿನ ಐದರ ನಂತರ ಏಳನ್ನು ಹೊಡೆದು, ಹೊಡೆದ ಮೇಲೆ ತಿಳಿದು, ಕ್ಯೂ ಕೆಳಗಿಟ್ಟ. "ಫಾರಂ ಶುಕ್ರವಾರ ಕೊಟ್ಟುಬಿಡ್ತೀನಿ" ಎಂದು ನನಗೆ ಹೇಳಿದನೋ ಟೇಬಲ್ಲಿಗೆ ಹೇಳಿದನೋ ತಿಳಿಯಲಿಲ್ಲ.

ಆ ದಿನ ಪಾರ್ಲರ್ ಬಾಗಿಲಿಗೆ "ಟೇಬಲ್ ಸರ್ವೀಸ್, ಇಂದು ರಜೆ" ಎಂಬ ಬೋರ್ಡು ಹಾಕಿದೆ. ಮೂರನೇ ಟೇಬಲ್ಲಿನ ಅಂಚುಗಳ ಬೋಲ್ಟ್ ಬಿಚ್ಚಿ, ಬಟ್ಟೆಯ ತುದಿ ಎತ್ತಿ, ನಾಲ್ಕು ಮೂಲೆ ಪಾಕೆಟ್ಟುಗಳ ಎಂಟೂ ಷಿಮ್ ಕಿತ್ತು ತೆಗೆದೆ. ಬಟ್ಟೆಯನ್ನು ಸುಕ್ಕು ಕಾಣದಂತೆ ಮೊದಲಿನಂತೆ ಎಳೆದು ಕೂರಿಸಿದೆ. ನನ್ನ ಕೆಲಸದ ಬಗ್ಗೆ ನಾನೇ ಹೇಳಬಾರದು, ಆದರೂ ಹೇಳುತ್ತೇನೆ, ಬೇರೆ ಫಿಟ್ಟರ್ ಬಂದು ನೋಡಿದರೂ ಕಂಡುಹಿಡಿಯುವಂತಿರಲಿಲ್ಲ. ನಾಲ್ಕೂವರೆ ಇದ್ದದ್ದು ಐದು ಇಂಚಾಯಿತು.

ಕಣ್ಣಿಯಪ್ಪನ್ ಸ್ಕ್ರೂಡ್ರೈವರ್ ಎತ್ತಿಕೊಡುತ್ತಲೇ, "ವೇಂಡಾಂ ಸಾರ್" ಎಂದ. ಬೇಡ ಎಂದ. "ಅವರು ಕಂಡುಪಿಡಿಚ್ಚಿಡುವಾರು."

"ಏನು ಕಂಡುಹಿಡಿತಾನಯ್ಯ? ಯಾವ ಚೆಂಡು ಹೊಡೀಬೇಕು ಅನ್ನೋದೇ ಅವನಿಗೆ ನೆನಪಿರಲ್ಲ" ಎಂದೆ. ಈ ಮಾತನ್ನು ಇಲ್ಲಿ ಬರೆಯುವಾಗಲೂ ನಾಚಿಕೆಯಾಗುತ್ತದೆ. ಆದರೆ ಅಂದದ್ದು ಅಂದದ್ದೇ.

ನನ್ನ ಲೆಕ್ಕಾಚಾರ ಸರಳವಾಗಿತ್ತು. ಮೂವತ್ತು ವರ್ಷ ಗಿರಾಕಿಗಳಿಗೆ ತಾವು ಗೆದ್ದೆವೆಂಬ ಸಮಾಧಾನ ಮಾರಿದವನು ನಾನು. ಇವನಿಗೂ ಒಂದು ಗೆಲುವು ಕೊಟ್ಟರಾಯಿತು, ಫಾರಂ ಹರಿದು ಹಾಕುತ್ತಾನೆ, ಕೆಲಸಕ್ಕೆ ಹೋಗುತ್ತಾನೆ, ಆಮೇಲೆ ಎಲ್ಲ ತಾನಾಗಿ ಸರಿಹೋಗುತ್ತದೆ.

ಮರುದಿನ ಬೆಳಿಗ್ಗೆ ಏಳು ಚೆಂಡು ಹರಡಿದೆ. ಒಂದು ಬಿತ್ತು. ಎರಡು ಬಿತ್ತು. ಮೂರು ಬಿತ್ತು. ವಸಂತಿ ಅಂದು ರಜೆ ಹಾಕಿ ಬಂದಿದ್ದಳು, ಕುರ್ಚಿಯ ತುದಿಗೆ ಬಂದು ಕೂತಳು. ನಾಲ್ಕು ಬಿತ್ತು. ಐದನ್ನು ಹೊಡೆಯುವಾಗ ಕ್ಯೂ ಓರೆಯಾಗಿ ತಗುಲಿತು, ಅದು ನನಗೂ ಕಂಡಿತು. ಚೆಂಡು ಬಲಕ್ಕೆ ಸರಿದು ಹೋಯಿತು. ಆದರೂ ಒಳಗೆ ಬಿತ್ತು. ವಸಂತಿ ಕೈತಟ್ಟಿದಳು. ನಾನೂ ತಟ್ಟಿದೆ.

ಶೇಷು ತಟ್ಟಲಿಲ್ಲ. ಆ ಪಾಕೆಟ್ಟನ್ನೇ ನೋಡುತ್ತ ನಿಂತ. ಆಮೇಲೆ ಆರು, ಏಳು ನಂಬರಿನ ಚೆಂಡುಗಳನ್ನು ಕೈಯಲ್ಲೆತ್ತಿಕೊಂಡು ಹೋಗಿ ಪಾಕೆಟ್ ಬಾಯಲ್ಲಿ ಅಕ್ಕಪಕ್ಕ ಇಟ್ಟ. ಎರಡರ ನಡುವೆ ತೋರುಬೆರಳು ತೂರಿಸಿದ. ಬೆರಳು ಸಲೀಸಾಗಿ ಹೋಯಿತು.

"ಯಾವಾಗ ತೆಗೆದ್ರಿ ಅಣ್ಣ?"

"ನಿನ್ನೆ."

"ಇವಳಿಗೆ ಗೊತ್ತಾ?"

"ಇಲ್ಲಪ್ಪ. ನಾನೇ."

ಅವನು ಕೂಗಾಡಿದ್ದರೆ ಚೆನ್ನಾಗಿತ್ತು. ಕ್ಯೂ ಬಿಚ್ಚಿ ಎರಡು ತುಂಡು ಮಾಡಿ ಚೀಲಕ್ಕೆ ಹಾಕಿಕೊಂಡ. "ತಲೆಗೆ ಏಟು ಬಿದ್ದವನು, ಇಷ್ಟು ಸಾಕು ಅಂದ್ಕೊಂಡ್ರಿ" ಎಂದ. ಮೊಳೆಯ ಮೇಲಿನ ಟಿಫಿನ್ ಚೀಲವನ್ನೂ ತೆಗೆದುಕೊಂಡು ಇಳಿದುಹೋದ. ವಸಂತಿ ನನ್ನ ಕಡೆ ನೋಡದೆ ಅವನ ಹಿಂದೆ ಹೋದಳು.

ಐದು ದಿನ ಬರಲಿಲ್ಲ. ಫೋನು ಎತ್ತಲಿಲ್ಲ. ಎರಡನೇ ದಿನವೇ ನಾನು ಟೇಬಲ್ ಮತ್ತೆ ಬಿಚ್ಚಿ ಎಂಟು ಹೊಸ ಷಿಮ್ ಅಂಟಿಸಿದೆ. ಕಿತ್ತ ಹಳೆಯವು ಹರಿದಿದ್ದವು, ಅವನ್ನೊಂದು ಬಿಸ್ಕತ್ತಿನ ಡಬ್ಬಿಗೆ ಹಾಕಿಟ್ಟೆ. ಆರನೇ ದಿನ ಅಯನಾವರಂಗೆ ಹೋದೆ. ಹಣ್ಣು ಕೊಂಡುಹೋಗೋಣವೆಂದು ಅಂಗಡಿ ಮುಂದೆ ನಿಂತವನು, ಇದೂ ಷಿಮ್ ಕಿತ್ತಂತೆಯೇ ಅನ್ನಿಸಿ ಬರಿಗೈಯಲ್ಲೇ ಹೋದೆ.

ಊಟದ ಮೇಜಿನ ಮೇಲೆ ಫಾರಂ ಇತ್ತು, ಅದರ ಮೇಲೆ ಪೆನ್ನು. ಮಗಳು ಕಾಲೇಜಿಗೆ ಹೊರಟವಳು, "ಅಪ್ಪಾ, ಅಂಕಲ್ ವಂದಿರುಕ್ಕಾರ್" ಎಂದು ಒಳಗೆ ಕೂಗಿ ಹೋದಳು. ಶೇಷು ಬಂದು ಎದುರಿಗೆ ಕೂತ.

"ತಪ್ಪಾಯ್ತು" ಎಂದೆ. ಅದಕ್ಕೆ ಮುಂದೆ ಹಿಂದೆ ಏನೂ ಸೇರಿಸಲಿಲ್ಲ.

"ನೀವು ಮಾಡಿದ್ದು ಏನು ಗೊತ್ತಾ ಅಣ್ಣ? ಪೇಪರ್ ನೋಡದೆ ಕ್ಲೇಮ್ ಪಾಸ್ ಮಾಡಿದ್ರಿ. ಹಾಗೆ ಪಾಸಾದವನು ಆಫೀಸಲ್ಲಿ ಕೂತು ಇನ್ನೊಬ್ಬರ ಪೇಪರ್ ನೋಡಕ್ಕಾಗುತ್ತಾ? ಮಿಸ್ ಆದ್ರೆ ಮಿಸ್ ಆಯ್ತು ಅಂತನಾದ್ರೂ ನನಗೆ ಗೊತ್ತಾಗ್ಬೇಕು. ನನ್ನ ಹತ್ರ ಈಗ ಉಳಿದಿರೋದು ಅದೊಂದೇ. ಅದನ್ನೂ ತೆಗೆದ್ರಲ್ಲ."

ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ವಸಂತಿ, "ಬೆರಳಿಟ್ಟು ಕಂಡುಹಿಡಿದದ್ದು ಯಾರು? ಗಮನವೇ ಇಲ್ಲದವರಾ?" ಎಂದಳು. ಅವನು ಅವಳತ್ತ ತಿರುಗಿದ. ಆ ಮಾತು ಮೂವತ್ತು ವರ್ಷದ ಚೌಕಾಸಿಗಾರನಾದ ನನಗೆ ಹೊಳೆಯಬೇಕಾಗಿತ್ತು. ಹೊಳೆದಿರಲಿಲ್ಲ.

"ಷಿಮ್ ಹಾಕಿದ್ದೀನಿ. ಬಂದು ನೀನೇ ಚೆಂಡಿಟ್ಟು ನೋಡು" ಎಂದು ಎದ್ದೆ.

ಬಾಗಿಲವರೆಗೂ ಬಂದು ಅವನೆಂದ: "ಶನಿವಾರ ಸಂಜೆ ಬರ್ತೀನಿ. ಐದು ಗಂಟೆಗೆ. ಫ್ಯಾನ್ ಎಲ್ಲಾ ಹಾಕಿರಿ. ಬೇರೆ ಟೇಬಲ್ ಖಾಲಿ ಮಾಡಿಸ್ಬೇಡಿ. ಆಫೀಸಲ್ಲಿ ನನಗೋಸ್ಕರ ಯಾರು ಫ್ಯಾನ್ ನಿಲ್ಲಿಸ್ತಾರೆ?"

ಶನಿವಾರ ಸಂಜೆ ಐದೆಂದರೆ ಪುರಸೈವಾಕ್ಕಂ ಜಾತ್ರೆಯಂತಿರುತ್ತದೆ. ಕೆಳಗೆ ಪಾತ್ರೆ ಅಂಗಡಿಯಲ್ಲಿ ಮಗಳಿಗೆ ಮದುವೆಯಲ್ಲಿ ಕೊಡುವ ಸೀರು ಪಾತ್ರೆ ಕೊಳ್ಳುವ ಒಂದು ದೊಡ್ಡ ಕುಟುಂಬ, ಮೇಲೆ ಉಳಿದ ಮೂರು ಟೇಬಲ್ಲಿನಲ್ಲೂ ಆಟ. ಶೇಷು ಬಂದ, ಚೀಲವನ್ನು ಮೊಳೆಗೆ ಹಾಕಿದ. ಎರಡು ಚೆಂಡು ತೆಗೆದುಕೊಂಡು ನಾಲ್ಕೂ ಮೂಲೆಗೆ ಹೋಗಿ ಇಟ್ಟು ನೋಡಿದ. ನಾಲ್ಕರಲ್ಲೂ ಬಿಗಿಯಾಗಿ ಕೂತವು. ತಲೆಯಾಡಿಸಿದ. ಕಣ್ಣಿಯಪ್ಪನ್ ಒಂಬತ್ತು ಚೆಂಡು ಹರಡಿದ.

ಚಾಕ್. "ಒಂದು, ಬಲಗಡೆ ಮೂಲೆ." ಉಸಿರು. ಬಿತ್ತು.

ಎರಡನೆಯದು ಮೊದಲ ಸಲ ಮಿಸ್ಸಾಗಿ ಎರಡನೇ ಸಲ ಬಿತ್ತು. ಕಣ್ಣಿಯಪ್ಪನ್ ಹಲಗೆಯ ಮೇಲೆ ಒಂದು ಗೀಟು ಎಳೆದ. ಮೂರು, ನಾಲ್ಕು ಸಲೀಸು. ಐದಕ್ಕೆ ಒಂದು ಮಿಸ್ಸು. ಬೇರೆ ಟೇಬಲ್ಲಿನ ಹುಡುಗರು ಆಟ ನಿಲ್ಲಿಸಿ ಬರಲು ನೋಡಿದರು. ಆಡಿ ಆಡಿ ಎಂದು ನಾನು ಕೈಸನ್ನೆ ಮಾಡಿದೆ. ಆರಕ್ಕೆ ಇನ್ನೊಂದು ಮಿಸ್ಸು. ಮೂರು ಗೀಟೂ ಮುಗಿದವು. ಅವನ ಹಣೆ ಬೆವರುತ್ತಿತ್ತು. ಬೆಂಚಿಗೆ ಹೋಗಿ ಎರಡು ನಿಮಿಷ ಕಣ್ಣು ಮುಚ್ಚಿ ಕೂತು ಎದ್ದು ಬಂದ. ಆರು ಬಿತ್ತು, ಏಳು ಬಿತ್ತು.

ಎಂಟು ಸ್ವಲ್ಪ ದೂರದಲ್ಲಿತ್ತು, ಒಂಬತ್ತು ಪಾಕೆಟ್ಟಿನ ಹತ್ತಿರವೇ ಇತ್ತು. "ಎಂಟು, ಎಡಗಡೆ" ಎಂದು ಅವನು ಹೇಳುವ ಹೊತ್ತಿಗೆ ಸರಿಯಾಗಿ ಕೆಳಗೆ ಯಾರೋ ಪಾತ್ರೆಗಳ ಅಡಕಲನ್ನು ಉರುಳಿಸಿದರು. ನಾನೇ ಬೆಚ್ಚಿಬಿದ್ದೆ. ಶೇಷು ಬಗ್ಗಿದ. ಬಗ್ಗಿದ್ದು ಒಂಬತ್ತಕ್ಕೆ. ಕ್ಯೂ ಹಿಂದಕ್ಕೆ ಎಳೆದ. ನನ್ನ ಬಾಯಿ ತೆರೆಯಿತು. ಕಣ್ಣಿಯಪ್ಪನ್ ನನ್ನ ಮುಂಗೈ ಹಿಡಿದು ಅದುಮಿದ. ಹೇಳಿದರೆ ಅದೂ ಷಿಮ್ ಕಿತ್ತಂತೆಯೇ. ಬಾಯಿ ಮುಚ್ಚಿದೆ.

ಕ್ಯೂ ಹಿಂದೆಯೇ ನಿಂತಿತು. ಎರಡು ಸೆಕೆಂಡ್, ಮೂರು ಸೆಕೆಂಡ್. ಅವನು ನಿಧಾನವಾಗಿ ಎದ್ದ. "ತಪ್ಪು" ಎಂದು ತನಗೆ ತಾನೇ ಹೇಳಿಕೊಂಡ. ಚಾಕ್ ಎತ್ತಿಕೊಂಡು ಹಚ್ಚಿದ. "ಎಂಟು. ಎಡಗಡೆ ಮೂಲೆ." ಉಸಿರು ತೆಗೆದುಕೊಂಡು ಬಗ್ಗಿ ಹೊಡೆದ. ಬಿತ್ತು. ವಸಂತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಉಳಿದದ್ದು ಒಂಬತ್ತು. ಸುಲಭದ ಚೆಂಡು. ಹೊಡೆದ. ಚೆಂಡು ಎಡ ತುಟಿಗೆ ತಾಗಿತು, ಬಲ ತುಟಿಗೆ ತಾಗಿತು, ಗಲಗಲ ಅಲ್ಲಾಡಿತು, ಬಾಯಲ್ಲೇ ನಿಂತಿತು.

ನಾಲ್ಕನೇ ಮಿಸ್ಸು. ಐದು ಇಂಚಿನ ಪಾಕೆಟ್ಟಾಗಿದ್ದರೆ ಅದು ಬೀಳುತ್ತಿತ್ತೆಂದು ಅಲ್ಲಿ ನನಗಿಂತ ಚೆನ್ನಾಗಿ ಬಲ್ಲವರು ಇರಲಿಲ್ಲ. ನಾನು ನೆಲ ನೋಡುತ್ತ ನಿಂತೆ. ಆಗ ಒಂದು ಸದ್ದು ಕೇಳಿತು. ತಲೆಯೆತ್ತಿ ನೋಡಿದರೆ ಶೇಷು ನಗುತ್ತಿದ್ದ. ಏಟು ಬಿದ್ದ ಮೇಲೆ ಅವನ ಹಳೆಯ ನಗುವನ್ನು ನಾನು ಕಂಡದ್ದು ಅಂದೇ.

"ಒಂದು ನೂಲು ಎಡಕ್ಕೆ ಹೋಯ್ತು ಅಣ್ಣ. ಹೊಡೆಯೋವಾಗ್ಲೇ ಗೊತ್ತಾಯ್ತು. ಈ ತರ ಮಿಸ್ಸು ನಾನು ಹನ್ನೆರಡು ವರ್ಷದಿಂದ ಮಾಡ್ತಿದ್ದೀನಿ. ಇದು ಏಟು ಬಿದ್ದವನ ಮಿಸ್ಸಲ್ಲ, ಆಟಗಾರನ ಮಿಸ್ಸು."

ಆಮೇಲೆ ಕ್ಯೂ ಊರಿಕೊಂಡು ನನ್ನ ಮುಂದೆ ಬಂದು ನಿಂತ. "ಮೂರು ಅಂತ ಒಪ್ಪಿದ್ದು. ನಾಲ್ಕಾಯ್ತು. ಎಲ್ಲರ ಮುಂದೆ ಕೇಳ್ತಿದ್ದೀನಿ. ನಾಲ್ಕಕ್ಕೆ ಮುಗಿಸೋಣವಾ?"

ಹನ್ನೆರಡು ವರ್ಷದಲ್ಲಿ ಒಂದು ಗಂಟೆಯ ಬಾಡಿಗೆಗೂ ನನ್ನ ಹತ್ತಿರ ಚೌಕಾಸಿ ಮಾಡಿದವನಲ್ಲ ಅವನು. ನನ್ನ ವಿದ್ಯೆ ಬಿಡಲಾಗುತ್ತದೆಯೇ? "ಮೂರೂವರೆ" ಎಂದೆ.

"ಅರ್ಧ ಮಿಸ್ಸು ಹೆಂಗೆ ಮಾಡ್ತಾರೆ ಅಣ್ಣ?"

"ಅದೇ, ಬಾಯಲ್ಲಿ ನಿಂತಿದೆಯಲ್ಲ" ಎಂದೆ.

ಕಣ್ಣಿಯಪ್ಪನ್ ನಮ್ಮಿಬ್ಬರನ್ನೂ ಕೇಳದೆ ಹಲಗೆಯ ಮೂಲೆಯ 3 ಅಳಿಸಿ 4 ಎಂದು ಬರೆದ. ಶೇಷು ಹೋಗಿ ಬಾಯಲ್ಲಿ ನಿಂತಿದ್ದ ಒಂಬತ್ತನ್ನು ಕ್ಯೂನಿಂದ ಮೆತ್ತಗೆ ತಟ್ಟಿ ಒಳಗೆ ಹಾಕಿದ.

ರಜೆ ಮುಗಿದ ಸೋಮವಾರ ಅವನು ಆಫೀಸಿಗೆ ಹೋದ. ಮೊದಲ ನಾಲ್ಕು ತಿಂಗಳು ಅರ್ಧ ದಿನ. ಪ್ರತಿ ಪೇಪರಿನ ಸಾಲಿಗೂ ಸ್ಕೇಲ್ ಇಟ್ಟು, ಕ್ಲೇಮ್ ನಂಬರನ್ನು ಬಾಯಿಬಿಟ್ಟು ಓದಿ ಕೆಲಸ ಮಾಡಿದನಂತೆ. ತಾನು ನೋಡಿದ್ದನ್ನು ಇನ್ನೊಬ್ಬರು ನೋಡಲಿ ಎಂದು ಮೇಲಧಿಕಾರಿಯನ್ನು ತಾನೇ ಕೇಳಿಕೊಂಡನಂತೆ. ಪೂರ್ತಿ ಮೊದಲಿನಂತಾದ ಎಂದು ಸುಳ್ಳು ಹೇಳಲಾರೆ. ಮದುವೆ ಮನೆಗೆ ಹೋದರೆ ಈಗಲೂ ಅರ್ಧ ಗಂಟೆಗೆ ಹೊರಗೆ ಬಂದು ನಿಲ್ಲುತ್ತಾನೆ. ಆದರೆ ಕೆಲಸದಲ್ಲಿದ್ದಾನೆ.

ಪಾರ್ಲರ್ ಈಗಿಲ್ಲ. ಲಾಕ್‌ಡೌನ್ ಕಾಲದಲ್ಲಿ ಮುಚ್ಚಿದ್ದು ಮತ್ತೆ ತೆರೆಯಲಿಲ್ಲ. ಆ ಮಹಡಿಯೂ ಈಗ ಪಾತ್ರೆಯವರ ಗೋದಾಮು. ಒಂದು ದಿನ ಹೋಗಿ ನೋಡಿದೆ, ಬಾಗಿಲ ಹಿಂದೆ ಮೊಳೆ ಹಾಗೇ ಇದೆ. ಕಣ್ಣಿಯಪ್ಪನ್ ತನ್ನ ಊರು ಸೇರಿದ, ಹಬ್ಬಕ್ಕೆ ಫೋನು ಮಾಡುತ್ತಾನೆ. ಬಿಸ್ಕತ್ತಿನ ಡಬ್ಬಿ ಮಾತ್ರ ನನ್ನ ಟೂಲ್‌ಬಾಕ್ಸಿನಲ್ಲಿದೆ.

ಈ ಕೆಲಸ ನನಗೆ ಕಲಿಸಿದ್ದನ್ನು ಹೇಳಿ ಮುಗಿಸುತ್ತೇನೆ. ಕಷ್ಟದಲ್ಲಿರುವವರಿಗೆ ರಿಯಾಯಿತಿ ಕೊಡಿ, ಧಾರಾಳವಾಗಿ ಕೊಡಿ, ಆದರೆ ಅವರ ಮುಖದ ಮುಂದೆ ಕೊಡಿ. ಒಪ್ಪುವುದೋ ಬಿಡುವುದೋ ಅವರ ಕೈಯಲ್ಲಿರಲಿ. ಬೆನ್ನ ಹಿಂದೆ ಕೊಟ್ಟ ರಿಯಾಯಿತಿ ಅವರ ಲೆಕ್ಕವನ್ನೇ ಕೆಡಿಸುತ್ತದೆ.

ಮೂರನೇ ಟೇಬಲ್ಲನ್ನು ಬೆಸೆಂಟ್ ನಗರದ ಒಬ್ಬರು ಮನೆಯ ಮೇಲ್ಮಹಡಿಗೆ ಕೊಂಡರು. ಕೂರಿಸಿ ಮುಗಿಸುವಾಗ ಮನೆಯ ಯಜಮಾನರು ಬಂದು ಮೆಲ್ಲಗೆ ಕೇಳಿದರು: "ಮಾವನವರು ಬರ್ತಾರೆ, ಅವರಿಗೆ ವಯಸ್ಸಾಗಿದೆ. ಅವರಿಗೆ ಗೊತ್ತಾಗದ ಹಾಗೆ ಪಾಕೆಟ್ ಸ್ವಲ್ಪ ಅಗಲ ಮಾಡ್ಕೊಡ್ತೀರಾ?"

"ಅಗಲ ಮಾಡ್ಕೊಡ್ತೀನಿ ಸಾರ್. ಗೊತ್ತಾಗದ ಹಾಗೆ ಮಾಡಲ್ಲ" ಎಂದೆ. ಒಳಗೆ ಕೂತಿದ್ದ ಮಾವನವರನ್ನೇ ಕರೆಸಿ, ಎರಡು ಚೆಂಡನ್ನು ಪಾಕೆಟ್ ಬಾಯಲ್ಲಿ ಅಕ್ಕಪಕ್ಕ ಇಟ್ಟು ತೋರಿಸಿ, ಹೇಗಿರಬೇಕೆಂದು ಕೇಳಿದೆ.

ಮುದುಕರು ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು. "ಇರಲಿ ಬಿಡಪ್ಪ, ಹೀಗೇ ಇರಲಿ" ಎಂದರು.